ಅಪ್ಪಾರಿಗೆ ಟಾವಿ (ಎದಿ ಕೊಯ್ಯದೇ ಹೃದಯದ ವಾಲ್ವ್ ಬದಲಿ) ಆಗೇತಿ, ಈಗ ಜ್ವರ, ದಮ್ಮು. ಯಾರಿಗಾದ್ರೂ ಅನುಭವ ಐತೇನ್ರಿ?

ಕೊಪ್ಪಳದಿಂದ:
ಹೋದ ವರ್ಷ ಬೆಂಗಳೂರಾಗ ತೊಡಿ ರಕ್ತನಾಳದಿಂದ ಟ್ಯೂಬ್ ಹಾಕಿ ಅಪ್ಪಾರಿಗೆ ಹೊಸ ವಾಲ್ವ್ ಕೂಡಿಸ್ಯಾರ. ಚೊಲೊ ಇದ್ರು. ಈಗ ಸಂಜಿ ಆದ್ರ ಸಣ್ಣ ಜ್ವರ, ಮೆಟ್ಟಲ ಹತ್ತಿದ್ರ ದಮ್ಮು. ಓಣಿ ಡಾಕ್ಟ್ರು ಆ್ಯಂಟಿಬಯಾಟಿಕ್ ಬರದಾರ. ಹಾಕಿ ನೋಡೋಣೇನು?

ರಾಯಚೂರಿನಿಂದ:
ಅಣ್ಣಾರ, ಗುಳಿಗಿ ಹಾಕೋಕ್ಕಿಂತ ಮೊದ್ಲು ಬ್ಲಡ್ ಕಲ್ಚರ್‌ಗೆ (ರಕ್ತದಾಗಿನ ಕ್ರಿಮಿ ಬೆಳೆಸಿ ನೋಡೋ ಪರೀಕ್ಷೆ) ರಕ್ತ ಕೊಡಿಸ್ರಿ, ಇವತ್ತೇ. ಒಂದೆರಡು ಡೋಸ್ ಹೊಟ್ಟಿಗೆ ಹೋದ್ರೂ ಕಲ್ಚರ್‌ನಾಗ ಕ್ರಿಮಿ ಬೆಳೆಯದೇ ಹೋಗಬಹುದು, ಆಮೇಲೆ ಯಾವ ಔಷಧಿ ಅಂತ ಡಾಕ್ಟ್ರೂ ಕತ್ತಲಾಗ ಹುಡುಕಬೇಕು. ನಮ್ಮತ್ತಿಗೂ ಹಿಂಗೇ ಆಗಿತ್ತು. ಎಲ್ಲರೂ ವೈರಲ್ ಅಂದ್ರು. ಬ್ಯಾರೆ ಬ್ಯಾರೆ ಕಡೆ ಚುಚ್ಚಿ ತಗೊಂಡ ರಕ್ತದಾಗ ಎಂಟೆರೋಕಾಕಸ್ ಅನ್ನೋ ಕ್ರಿಮಿ ಬಂತು. ವಾಲ್ವಿಗೇ ಸೋಂಕು, ಎಂಡೋಕಾರ್ಡೈಟಿಸ್. ವಾರಗಟ್ಟಲೆ ಅಡ್ಮಿಟ್ ಆಗಿ ರಕ್ತನಾಳಕ್ಕೇ ಔಷಧಿ. ಎದಿ ಮ್ಯಾಲಿನ ಎಕೋ (ಹೃದಯದ ಸ್ಕ್ಯಾನ್) ಮೊದ್ಲು ನಾರ್ಮಲ್ ಬಂದಿತ್ತು ನೋಡ್ರಿ! ಅನ್ನನಾಳದಾಗ ಇಳಿಸಿ ಮಾಡೋ ಎಕೋದಾಗ ಸಿಕ್ತು.

ಬಳ್ಳಾರಿಯಿಂದ:
ನಮ್ಮ ಮಾವನಿಗೆ ಜ್ವರ ಇರಲಿಲ್ಲ, ಬರೀ ಏದುಸಿರು. ಡಿಸ್ಚಾರ್ಜ್ ದಿನದ ಎಕೋ ಜೊತೆ ಹೋಲಿಸಿದಾಗ ವಾಲ್ವಿನ ಗ್ರೇಡಿಯೆಂಟ್ (ಅದರ ಎರಡು ಬದಿಯ ಒತ್ತಡದ ವ್ಯತ್ಯಾಸ) ಏರಿತ್ತು. ಸಿಟಿ ಮಾಡಿದರೆ ಎಸಳುಗಳ ಮೇಲೆ ರಕ್ತ ಹೆಪ್ಪು. ರಕ್ತ ತೆಳು ಮಾಡೋ ಮಾತ್ರೆ ಕೊಟ್ಟು, ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅನ್ನೋ ಪರೀಕ್ಷೆ) ನೋಡ್ತಾ ಹೋದರು, ಗ್ರೇಡಿಯೆಂಟ್ ಇಳೀತು. ಹಳೇ ಎಕೋ ರಿಪೋರ್ಟ್ ತಪ್ಪದೆ ಒಯ್ಯಿರಿ. ಆದರೆ ಯಾರದೋ ಮಾತು ಕೇಳಿ ನೀವೇ ಆ ಮಾತ್ರೆ ಶುರು ಮಾಡಬೇಡಿ. ಜೀವನಪೂರ್ತಿ ಅದು ಬೇಕಾಗೋದು ಲೋಹದ ವಾಲ್ವಿಗೆ. ಟಾವಿಯಲ್ಲಿ ಕೂಡಿಸೋದು ಹಸು ಇಲ್ಲವೇ ಹಂದಿಯ ಅಂಗಾಂಶದ್ದು. ಎಲ್ಲರಿಗೂ ಒಂದೇ ಲೆಕ್ಕವಲ್ಲ. ವಾಲ್ವಿನ ಪಕ್ಕದಲ್ಲಿ ಸೋರಿಕೆ ಇದ್ದರೂ ದಮ್ಮು ಬರುತ್ತೆ, ಅದೂ ಎಕೋದಲ್ಲೇ ಕಾಣುತ್ತೆ.

ಸಿಂಧನೂರಿನಿಂದ:
ತಲಿ ತಿರುಗಿ ಬಿದ್ರ, ನಾಡಿ ನಿಧಾನ ಆದ್ರ ಇಸಿಜಿ ಮಾಡಿಸ್ರಿ. ನಮ್ಮ ದೊಡ್ಡಪ್ಪಗ ಪೇಸ್‌ಮೇಕರ್ ಹಾಕಬೇಕಾತು. ಮಾತು ತೊದಲಿದ್ರ, ಒಂದು ಕೈ ಸೋತ್ರ, ಮಲಗಿದಾಗೂ ದಮ್ಮು ಬಂದ್ರ ಬೆಂಗಳೂರು ಅನ್ನಬ್ಯಾಡ್ರಿ, ಹತ್ರದ ದೊಡ್ಡ ಆಸ್ಪತ್ರಿಗೇ ಓಡ್ರಿ. ಅಂದಂಗ, ಈಚೆಗೆ ಹಲ್ಲು ಕೀಳಿಸಿದ್ರೇನು?

ಕೊಪ್ಪಳದಿಂದ:
ಹೌದ್ರಿ, ದವಡಿ ಹಲ್ಲು. ವಾಲ್ವಿನ ಸುದ್ದಿ ಅಲ್ಲಿ ಯಾರೂ ಕೇಳಲಿಲ್ಲ.

ರಾಯಚೂರಿನಿಂದ:
ಇದನ್ನ ಹಾರ್ಟ್ ಡಾಕ್ಟ್ರಿಗೆ ಮೊದ್ಲು ಹೇಳ್ರಿ, ಹಲ್ಲು ಕಿತ್ತ ಜಾಗದಿಂದ ಕ್ರಿಮಿ ರಕ್ತಕ್ಕ ಸೇರಿ ವಾಲ್ವಿಗೆ ಹತ್ತಬಹುದು. ಇಂಥಾ ವಾಲ್ವ್ ಇದ್ದೋರಿಗೆ ಹಲ್ಲು ಕೀಳೋಕ್ಕಿಂತ ಮೊದ್ಲೇ ಒಂದು ಡೋಸ್ ಆ್ಯಂಟಿಬಯಾಟಿಕ್ ಕೊಡ್ತಾರ. ಅಲರ್ಜಿ ಇಲ್ಲಂದ್ರ ಸಾಮಾನ್ಯವಾಗಿ 2 ಗ್ರಾಂ ಅಮಾಕ್ಸಿಸಿಲಿನ್.

ಕೊಪ್ಪಳದಿಂದ:
ಕಲ್ಚರ್‌ಗೆ ರಕ್ತ ಕೊಟ್ಟೇವಿ. ಬೆಂಗಳೂರಿನ ಡಾಕ್ಟ್ರು ಫೋನಿನ್ಯಾಗ ಹಲ್ಲಿನ ಮಾತು ಕೇಳಿದ ಕೂಡ್ಲೆ ಇವತ್ತೇ ಹೊಂಡ್ರಿ ಅಂದ್ರು. ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ಗೆ ಹೊಂಟೀವಿ, ಹಳೇ ಫೈಲ್ ಎಲ್ಲಾ ಚೀಲದಾಗ ಐತಿ.