ಬ್ಯಾಟರಿ ಹೊಸದು, ಆದ್ರೂ ಎರಡು ದಿನ ನಿಲ್ಲಿಸಿದ್ರೆ ಸೆಲ್ಫ್ ಎತ್ತಲ್ಲ: ಆಲ್ಟರ್ನೇಟರಾ, ವೈರಿಂಗಾ?

ಹ್ಯಾಚ್‌ಬ್ಯಾಕ್_ಸಾಗರ
ಎಂಟು ವರ್ಷದ ಪೆಟ್ರೋಲ್ ಕಾರು, 92,000 ಕಿ.ಮೀ. ಓಡಿದೆ. 35 ಎಎಚ್ (ಆಂಪ್-ಅವರ್) ಬ್ಯಾಟರಿ ಹಾಕಿಸಿ ಮೂರು ತಿಂಗಳಾಯ್ತು. ಎರಡು ದಿನ ನಿಲ್ಲಿಸಿದ್ರೆ ಬರೀ ಟಿಕ್ ಟಿಕ್. ರಾತ್ರಿ ಹೆಡ್‌ಲೈಟ್, ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತಾಗ ಬ್ಯಾಟರಿ ದೀಪ ಮಿಣುಕುತ್ತೆ, ಆಕ್ಸಿಲರೇಟರ್ ಒತ್ತಿದ್ರೆ ಹೋಗುತ್ತೆ. ರೇಡಿಯೊದಲ್ಲಿ ಗುಂಯ್ ಅನ್ನೋ ಸದ್ದು, ಎಂಜಿನ್ ಜೊತೆಗೇ ಏರಿಳಿಯುತ್ತೆ.
ರೀಡಿಂಗ್: ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ 12.1 ವೋಲ್ಟ್. ಐಡಲ್‌ನಲ್ಲಿ 13.1. ಎಲ್ಲಾ ಲೋಡ್ ಹಾಕಿ 2000 ಆರ್‌ಪಿಎಂನಲ್ಲಿ 12.4.
ಒಬ್ಬರು ಹೊಸ ಡೈನಮೋ (ಎಂಜಿನ್‌ನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್‌ಗೇ ಹಾಗಂತಾರೆ) ಹಾಕ್ಸಿ ಅಂತಾರೆ, ಇನ್ನೊಬ್ಬರು ಬ್ರಷ್, ಅಂದ್ರೆ ಅದರೊಳಗೆ ತಿರುಗೋ ರೋಟರ್‌ಗೆ ಕರೆಂಟ್ ಮುಟ್ಟಿಸೋ ಕಾರ್ಬನ್ ತುಂಡು ಅಂತಾರೆ. ಬಿಚ್ಚೋ ಮೊದಲು ಏನೇನು ನೋಡ್ಬೇಕು?

ಹಳೇಗಾಡಿ
ಇಷ್ಟೆಲ್ಲಾ ಮೀಟರ್ ಯಾಕೆ ಸ್ವಾಮಿ? ಗಾಡಿ ಸ್ಟಾರ್ಟ್ ಮಾಡಿ, ಓಡ್ತಾ ಇರುವಾಗಲೇ ಬ್ಯಾಟರಿ ನೆಗೆಟಿವ್ ಬಿಚ್ಚಿ. ಎಂಜಿನ್ ನಿಂತ್ರೆ ಡೈನಮೋ ಹೋಗಿದೆ, ನಿಲ್ಲದಿದ್ರೆ ಸರಿಯಾಗಿದೆ. ಅರ್ಧ ನಿಮಿಷದ ಕೆಲಸ.

ಮೀಟರ್_ಮಂಜ
ದಯವಿಟ್ಟು ಅದನ್ನ ಮಾತ್ರ ಮಾಡ್ಬೇಡಿ. ಆಲ್ಟರ್ನೇಟರ್ 30 ಆಂಪ್ ಕೊಡ್ತಿರುವಾಗ ಬ್ಯಾಟರಿ ಕಿತ್ತರೆ ಆ ಕರೆಂಟ್‌ಗೆ ಹೋಗೋಕೆ ಜಾಗ ಇರಲ್ಲ. ರೋಟರ್‌ನ ಮ್ಯಾಗ್ನೆಟಿಕ್ ಫೀಲ್ಡ್ ತಕ್ಷಣ ಇಳಿಯಲ್ಲ, ವೋಲ್ಟೇಜ್ ನೆಗೆಯುತ್ತೆ. ಲೋಡ್ ಡಂಪ್ ಅಂತಾರೆ ಇದಕ್ಕೆ. ತಡೆಯೋ ಝೀನರ್ ಡಯೋಡ್ ಇಲ್ಲದ ಆಲ್ಟರ್ನೇಟರ್‌ನಲ್ಲಿ 80ರಿಂದ 100 ವೋಲ್ಟ್ ತನಕ, 40ರಿಂದ 400 ಮಿಲಿಸೆಕೆಂಡ್. ಝೀನರ್ ಇದ್ರೂ 35 ವೋಲ್ಟ್ ಹತ್ತಿರ. ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್), ಎಬಿಎಸ್ ಬ್ರೇಕ್, ಪವರ್ ಸ್ಟೀರಿಂಗ್ ಎಲ್ಲಾ ಅದೇ ಲೈನ್ ಮೇಲಿವೆ.

ಹಳೇಗಾಡಿ
ನಲವತ್ತು ವರ್ಷದಿಂದ ಎಲ್ಲಾ ಗ್ಯಾರೇಜಲ್ಲೂ ಹೀಗೇ ಮಾಡ್ತಾರೆ. ಒಂದು ಇಸಿಯು ಸುಟ್ಟಿದ್ದು ಕೇಳಿಲ್ಲ.

ಮೀಟರ್_ಮಂಜ
ಕಾರ್ಬ್ಯುರೇಟರ್ ಗಾಡೀಲಿ ಸುಡೋಕೆ ಇಸಿಯು ಎಲ್ಲಿತ್ತು ಸರ್? ಅದೂ ಬಿಡಿ, ಉತ್ತರವೇ ತಪ್ಪು ಬರುತ್ತೆ. ಇವರ ಗಾಡಿಯನ್ನೇ ತಗೊಳ್ಳಿ. 13.1 ಬರ್ತಿದೆ ಅಂದ್ರೆ ಬ್ಯಾಟರಿ ತೆಗೆದ್ರೂ ಐಡಲ್‌ನಲ್ಲಿ ಓಡ್ತಾ ಇರುತ್ತೆ. ನಿಮ್ಮ ಲೆಕ್ಕದಲ್ಲಿ ಡೈನಮೋ ಪಾಸ್. ಇಲ್ಲಿ ಇರೋದು ಅರ್ಧ ಕೆಟ್ಟಿರೋ ಕೇಸು.

ಹುಬ್ಬಳ್ಳಿ_ವೈಂಡರ್
ಇಬ್ರೂ ಸ್ವಲ್ಪ ತಡೀರಿ. ಮೊದ್ಲು ಬೆಲ್ಟ್ ಮತ್ತು ವೈರ್ ನೋಡ್ರಿ, ಅದಕ್ಕ ರೊಕ್ಕ ಬೇಕಿಲ್ಲ. ಕೈಲಿಂದ ಟೈಟ್ ಮಾಡೋ ಬೆಲ್ಟ್ ಇದ್ರ ಎರಡು ಪುಲ್ಲಿ ನಡುವ ಹತ್ತು ಕಿಲೋದಷ್ಟು ಒತ್ರಿ, 8ರಿಂದ 10 ಮಿ.ಮೀ. ಬಗ್ಗಬೇಕು. ಪುಲ್ಲಿ ತೋಡು ಕನ್ನಡಿ ಆಗಿ ಹೊಳೀತಿದ್ರ ಬೆಲ್ಟ್ ಜಾರತೈತಿ ಅಂತ ತಿಳೀರಿ. ಹಂಗಂತ ವಿಪರೀತ ಬಿಗಿದ್ರ ಮುಂದಿನ ಬೇರಿಂಗ್ ಹೋಗತೈತಿ, ಜೋಡಿ ವಾಟರ್ ಪಂಪ್ ಬೇರಿಂಗೂ.
ಆಮೇಲೆ ಡ್ರಾಪ್ ಟೆಸ್ಟ್, ಅಂದ್ರ ವೈರಿನ್ಯಾಗ ಎಷ್ಟು ವೋಲ್ಟ್ ಕಳೀತೈತಿ ಅಂತ ನೋಡೂದು. ಎಂಜಿನ್ 2000, ಹೆಡ್‌ಲೈಟ್ ಹೈ ಬೀಮ್, ಬ್ಲೋವರ್ ಫುಲ್, ಹಿಂದಿನ ಗಾಜಿನ ಡಿಫಾಗರ್ ಹಾಕ್ರಿ. ಮೀಟರ್ ಡಿಸಿ ವೋಲ್ಟ್‌ನ್ಯಾಗ ಇಟ್ಟು ಒಂದು ಪ್ರೋಬ್ ಆಲ್ಟರ್ನೇಟರ್ ಬಿ ಪ್ಲಸ್ (ಬ್ಯಾಟರಿಗೆ ಕರೆಂಟ್ ಹೋಗೂ) ಬೋಲ್ಟ್ ಮ್ಯಾಲೆ, ಇನ್ನೊಂದು ಬ್ಯಾಟರಿ ಪಾಸಿಟಿವ್ ಕಂಬದ ಮ್ಯಾಲೆ. ಕೇಬಲ್ ತುದಿಯ ಲಗ್ ಮ್ಯಾಲೆ ಅಲ್ರಿ, ಸೀಸದ ಕಂಬದ ಮ್ಯಾಲೆ. 0.2 ಒಳಗಿದ್ರ ಛಲೋ, 0.3 ದಾಟಿದ್ರ ವೈರ್ ಇಲ್ಲಾ ಲಗ್ ಕೆಟ್ಟೈತಿ. ಹಂಗ ಆಲ್ಟರ್ನೇಟರ್ ಬಾಡಿಯಿಂದ ನೆಗೆಟಿವ್ ಕಂಬಕ್ಕ, 0.1 ಹತ್ರ ಇರಬೇಕು. ಎಂಜಿನ್ ಅರ್ಥ್ ಪಟ್ಟಿ ತುಕ್ಕು ಹಿಡಿದ್ರ ಇಲ್ಲೇ ಸಿಕ್ಕಿ ಬೀಳತೈತಿ. ಆ ಪಟ್ಟಿ ಸಲುವಾಗಿ ಎಷ್ಟೋ ಛಲೋ ಆಲ್ಟರ್ನೇಟರ್ ಗುಜರಿ ಸೇರ್ಯಾವ.

ಹ್ಯಾಚ್‌ಬ್ಯಾಕ್_ಸಾಗರ
ಮಾಡಿದೆ. ಪಾಸಿಟಿವ್ ಕಡೆ 0.12, ಅರ್ಥ್ ಕಡೆ 0.06. ಬೆಲ್ಟ್ ಸರಿ ಇದೆ. ಆಲ್ಟರ್ನೇಟರ್‌ನ ಎಸಿ (ಆಲ್ಟರ್ನೇಟಿಂಗ್ ಕರೆಂಟ್) ಅನ್ನ ಡಿಸಿ ಮಾಡೋ ಡಯೋಡ್ ಹೋಗಿದ್ರೆ ಎಸಿ ವೋಲ್ಟ್ ಬರುತ್ತೆ ಅಂತ ಓದಿದ್ದೆ, ಮೀಟರ್ ಎಸಿಗೆ ತಿರುಗಿಸಿದೆ. 28.9 ತೋರಿಸ್ತಿದೆ! ಇದು ಸಾಧ್ಯಾನಾ?

ಮೀಟರ್_ಮಂಜ
ಹಳದಿ ಬಣ್ಣದ ಅಗ್ಗದ 830 ಮಾಡೆಲ್ ಮೀಟರಾ? ಪ್ರೋಬ್ ಅದಲುಬದಲು ಮಾಡಿ ನೋಡಿ.

ಹ್ಯಾಚ್‌ಬ್ಯಾಕ್_ಸಾಗರ
ಹೌದು, ಅದೇ. ಬದಲಿಸಿದ್ರೆ ಸೊನ್ನೆ.

ಮೀಟರ್_ಮಂಜ
ಹಾಗಾದ್ರೆ ಆಲ್ಟರ್ನೇಟರ್‌ಗೂ ಆ ನಂಬರ್‌ಗೂ ಸಂಬಂಧ ಇಲ್ಲ. ಆ ಮೀಟರ್‌ನ ಎಸಿ ರೇಂಜ್‌ನಲ್ಲಿ ಡಿಸಿ ತಡೆಯೋ ಕೆಪಾಸಿಟರ್ ಇರಲ್ಲ, ಒಂದೇ ಡಯೋಡ್ ಇರುತ್ತೆ. ಬಂದಿದ್ದನ್ನ 2.2ರಿಂದ ಗುಣಿಸಿ ತೋರಿಸುತ್ತೆ. 13 ಗುಣಿಸು 2.22, 28.9. ಜೊತೆಗೆ ಅದರ ಅತಿ ಕಡಿಮೆ ಎಸಿ ರೇಂಜೇ 200 ವೋಲ್ಟ್, ರಿಪಲ್, ಅಂದ್ರೆ ಡಿಸಿ ಮೇಲೆ ಉಳಿಯೋ ಸಣ್ಣ ಎಸಿ ಅಲೆ, ಅಳೆಯೋಕೆ ಆಗಲ್ಲ. ಮಿಲಿವೋಲ್ಟ್ ಮಟ್ಟದಲ್ಲಿ ಎಸಿ ತೋರಿಸೋ ಮೀಟರ್ ಯಾರ ಹತ್ರನಾದ್ರೂ ಇಸ್ಕೊಳ್ಳಿ. ಬಿ ಪ್ಲಸ್‌ಗೂ ಆಲ್ಟರ್ನೇಟರ್ ಬಾಡಿಗೂ ಇಟ್ಟು, ಲೋಡ್ ಹಾಕಿ ನೋಡಿ. 0.1 ಒಳಗಿದ್ರೆ ಡಯೋಡ್ ಆರೋಗ್ಯವಾಗಿವೆ. 0.5 ದಾಟಿದ್ರೆ ಒಂದಾದ್ರೂ ಹೋಗಿದೆ.
ವೈರ್ ಸುತ್ತ ಹಿಡಿದು ಕರೆಂಟ್ ಅಳೆಯೋ ಕ್ಲಾಂಪ್ ಮೀಟರ್ ಕೊಳ್ಳೋ ಯೋಚನೆ ಇದ್ರೆ ಡಿಸಿ ಆಂಪ್ ಅಳೆಯುತ್ತಾ ಅಂತ ಕೇಳಿ ಕೊಳ್ಳಿ. ಅಗ್ಗದ್ದು ಬಹಳಷ್ಟು ಎಸಿ ಮಾತ್ರ, ಕಾರಿಗೆ ಉಪಯೋಗಕ್ಕೆ ಬರಲ್ಲ.

ಬ್ರಷ್_ಪಕ್ಷ
ನಂಗೆ ಈಗ್ಲೂ ಬ್ರಷ್ ಮೇಲೇ ಅನುಮಾನ ಗುರು. 92 ಸಾವಿರಕ್ಕೆ ಕಾರ್ಬನ್ ಸವೆದಿರುತ್ತೆ. ಹೊಸದರಲ್ಲಿ ಹೊರಗೆ 10.5 ಮಿ.ಮೀ. ಇರುತ್ತೆ, 1.5ಕ್ಕೆ ಇಳಿದ್ರೆ ಸ್ಪ್ರಿಂಗ್ ಒತ್ತೋಕಾಗಲ್ಲ, ಕಾಂಟ್ಯಾಕ್ಟ್ ಬಿಟ್ಟು ಬಿಟ್ಟು ಬರುತ್ತೆ. ದೀಪ ಮಿಣುಕೋದು ಅದಕ್ಕೇ.

ಸರ್ಕ್ಯೂಟ್_ಶಾರದಾ
ಬ್ರಷ್ ಸವೆದಿರಬಹುದು, ಆದರೆ ಇಲ್ಲಿ ಹೇಳಿರುವ ಲಕ್ಷಣ ಬ್ರಷ್‌ನದಲ್ಲ. ಬ್ರಷ್ ಬಿಟ್ಟರೆ ರೋಟರ್‌ಗೆ ಕರೆಂಟ್ ಇಲ್ಲ, ಔಟ್‌ಪುಟ್ ಪೂರ್ತಿ ಹೋಗುತ್ತದೆ, ಮೀಟರ್‌ನಲ್ಲಿ ಬರೀ ಬ್ಯಾಟರಿ ವೋಲ್ಟೇಜ್ ಉಳಿಯುತ್ತದೆ. ಮತ್ತೆ ಹಿಡಿದರೆ 14ಕ್ಕೆ ಹಾರುತ್ತದೆ. ಇವರಿಗೆ ಸದಾ 13.1 ಬರುತ್ತಿದೆ, ಲೋಡ್ ಹಾಕಿದರೆ ಕುಸಿಯುತ್ತಿದೆ. ಫೀಲ್ಡ್ ಇದೆ, ಆಲ್ಟರ್ನೇಟರ್‌ನ ಮೂರು ಫೇಸ್‌ನಲ್ಲಿ (ಕರೆಂಟ್ ಹುಟ್ಟಿಸುವ ಮೂರು ಸುರುಳಿ) ಒಂದು ಸರಿಯಾಗಿ ದುಡಿಯುತ್ತಿಲ್ಲ.
ರೇಡಿಯೊ ಸದ್ದೂ ಅದನ್ನೇ ಹೇಳುತ್ತದೆ. ಐಡಲ್ 800, ಪುಲ್ಲಿ ಅನುಪಾತ ಎರಡೂವರೆ ಅಂದುಕೊಳ್ಳಿ, ಆಲ್ಟರ್ನೇಟರ್ 2000 ಆರ್‌ಪಿಎಂ, ಅಂದರೆ ಸೆಕೆಂಡಿಗೆ 33 ಸುತ್ತು. 12 ಪೋಲ್ ರೋಟರ್‌ನಲ್ಲಿ ಸುತ್ತಿಗೆ ಆರು ಆವರ್ತ, ಆವರ್ತಕ್ಕೆ ಆರು ಅಲೆ. ಸೆಕೆಂಡಿಗೆ 1200 ಸಣ್ಣ ಅಲೆ, ಬ್ಯಾಟರಿ ಅದನ್ನು ನುಂಗಿಬಿಡುತ್ತದೆ. ಒಂದು ಡಯೋಡ್ ಹೋದರೆ ಪ್ರತಿ ಆವರ್ತದಲ್ಲೂ ಒಂದು ಹಳ್ಳ, ಸೆಕೆಂಡಿಗೆ 200. ಅದೇ ಆ ಗುಂಯ್.
ಕೊನೆಯದಾಗಿ, ಬ್ರಷ್ ಸವೆದರೆ ನಿಂತ ಗಾಡಿಯ ಬ್ಯಾಟರಿ ಯಾಕೆ ಇಳಿಯಬೇಕು?

ಬ್ರಷ್_ಪಕ್ಷ
ಬ್ಯಾಟರಿ ಪೂರ್ತಿ ಚಾರ್ಜೇ ಆಗ್ತಿಲ್ಲ, ಅದಕ್ಕೆ ಇಳಿಯುತ್ತೆ. ಅಷ್ಟೇ ಅಲ್ವಾ?

ಕಡಲತಡಿ
ಅದು ಅರ್ಧ ಸತ್ಯ ಮಾರಾಯ್ರೆ. ಲೀಕ್ ಉಂಟಾ ಇಲ್ವಾ ಅಂತ ಅಳೆದ್ರೆ ಮುಗೀತಲ್ಲ, ಜಗಳ ಯಾಕೆ? ಬಾನೆಟ್ ತೆರೆದಿಟ್ಟು ಅದರ ಲಾಕನ್ನು ಸ್ಕ್ರೂಡ್ರೈವರ್‌ನಲ್ಲಿ ಒತ್ತಿ ಮುಚ್ಚಿಸಿ, ಗಾಡಿಗೆ ಮುಚ್ಚಿದ ಹಾಗೇ ಅನ್ನಿಸ್ಬೇಕು. ಬಾಗಿಲು ಲಾಕ್ ಮಾಡಿ, ಕೀಯನ್ನು ದೂರ ಇಡಿ. ಮೀಟರಿನ ಕೆಂಪು ಪ್ರೋಬನ್ನು 10 ಆಂಪ್ ತೂತಿಗೆ ಹಾಕಿ, ನೆಗೆಟಿವ್ ಕಂಬಕ್ಕೂ ಬಿಚ್ಚಿದ ಕೇಬಲಿಗೂ ನಡುವೆ ಕಟ್ಟಿ. ಅರ್ಧ ಗಂಟೆ ಕಾಯಿರಿ, ಒಳಗಿನ ಮಾಡ್ಯೂಲ್‌ಗಳೆಲ್ಲ ಮಲಗಬೇಕು. 0.05 ಆಂಪಿನ ಒಳಗಿದ್ರೆ ತೊಂದರೆ ಇಲ್ಲ. ಮೀಟರ್ ಕಟ್ಟಿಕೊಂಡು ಸೆಲ್ಫ್ ಹೊಡೀಬೇಡಿ, ಇಗ್ನಿಷನ್ ಸಹ ಬೇಡ, ಒಳಗಿನ ಫ್ಯೂಸ್ ಹಾರ್ತದೆ.
ಜಾಸ್ತಿ ಬಂದ್ರೆ ಬ್ಯಾಟರಿ ಬಿಚ್ಚಿ, ಆಲ್ಟರ್ನೇಟರಿನ ಬಿ ಪ್ಲಸ್ ವೈರ್ ತೆಗೆದು ಟೇಪ್ ಸುತ್ತಿ, ಮತ್ತೆ ಅಳೆಯಿರಿ.

ಹಳೇಗಾಡಿ
ನಿಂತ ಗಾಡೀಲಿ ಡೈನಮೋದಿಂದ ಬ್ಯಾಟರಿ ಡ್ರೈನ್ ಆಗೋದು ಒಪ್ತೀನಿ. ಒಂದು ಡಯೋಡ್ ಶಾರ್ಟ್ ಆದ್ರೆ ಬ್ಯಾಟರಿ ಸೀದಾ ಅರ್ಥ್‌ಗೆ ಹೋಗುತ್ತೆ.

ಸರ್ಕ್ಯೂಟ್_ಶಾರದಾ
ಸೀದಾ ಹೋಗುವುದಿಲ್ಲ ಸರ್. ಪಾಸಿಟಿವ್ ಡಯೋಡ್ ಒಂದೇ ಶಾರ್ಟ್ ಆದರೆ ಕರೆಂಟ್ ಸ್ಟೇಟರ್ (ತಿರುಗದ ಭಾಗ) ಸುರುಳಿಯವರೆಗೆ ಬರುತ್ತದೆ, ಆದರೆ ಅರ್ಥ್ ಕಡೆಯ ಮೂರು ನೆಗೆಟಿವ್ ಡಯೋಡ್‌ಗಳು ಅದನ್ನು ತಡೆಯುತ್ತವೆ. ಹಾಗಿದ್ದೂ ಬ್ಯಾಟರಿ ಇಳಿಯಲು ದಾರಿಗಳಿವೆ. ಡಿ ಪ್ಲಸ್ (ಬ್ಯಾಟರಿ ದೀಪದ ತಂತಿ ಬರುವ ಟರ್ಮಿನಲ್) ಇರುವ ಒಂಬತ್ತು ಡಯೋಡ್‌ನ ಹಳೆಯ ಬಗೆಯಲ್ಲಿ ಆ ಕರೆಂಟ್ ಮೂರು ಸಣ್ಣ ಡಯೋಡ್‌ಗಳ ಮೂಲಕ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್‌ಗೆ, ಅಲ್ಲಿಂದ ರೋಟರ್‌ಗೆ ಹೋಗುತ್ತದೆ. ಕೀ ತೆಗೆದಿದ್ದರೂ ರೋಟರ್ ಮೂರ್ನಾಲ್ಕು ಆಂಪ್ ಕುಡಿಯುತ್ತಿರುತ್ತದೆ, ಒಂದೇ ರಾತ್ರಿಗೆ ಬ್ಯಾಟರಿ ಮಲಗುತ್ತದೆ. ಇದನ್ನು ಹಿಡಿಯಲು ಮೀಟರೂ ಬೇಡ. ಕೀ ತೆಗೆದು ಕಬ್ಬಿಣದ ಸ್ಕ್ರೂಡ್ರೈವರನ್ನು ಪುಲ್ಲಿ ನಟ್ ಹತ್ತಿರ ಹಿಡಿಯಿರಿ. ಬಲವಾಗಿ ಎಳೆದರೆ ಫೀಲ್ಡ್ ಆಫ್ ಆಗಿಲ್ಲ ಎಂದೇ ಅರ್ಥ. ಉಳಿಕೆ ಕಾಂತತೆ ಸ್ವಲ್ಪ ಇದ್ದೇ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.
ಇವರದು ಎರಡು ದಿನಕ್ಕೆ ಇಳಿಯುತ್ತಿದೆ, ಅಂದರೆ ಅಷ್ಟು ದೊಡ್ಡ ಸೋರಿಕೆಯಲ್ಲ. ಪಾಸಿಟಿವ್, ನೆಗೆಟಿವ್ ಎರಡೂ ಕಡೆ ಒಂದೊಂದು ಡಯೋಡ್ ಸೋರುತ್ತಿರಬಹುದು.

ಕಡಲತಡಿ
ಇನ್ನೊಂದು ಉಂಟು. ರೆಕ್ಟಿಫೈಯರಿನ (ಡಯೋಡ್‌ಗಳೆಲ್ಲ ಕೂತಿರುವ ಭಾಗ) ಎರಡು ಪ್ಲೇಟಿನ ನಡುವೆ ಉಪ್ಪು, ಕೆಸರು ಕೂತ್ರೂ ಲೀಕ್ ಆಗ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಇದು ಮಾಮೂಲು. ಪ್ರೆಷರ್ ಪಂಪ್ ಹಿಡಿದು ಎಂಜಿನ್ ತೊಳೆಸುವವರಿಗೂ ಅದೇ ಬಹುಮಾನ. ಮೇಲಿಂದ ಎಂಜಿನ್ ಆಯಿಲ್ ಸುರೀತಾ ಇದ್ರೆ ಅದನ್ನು ಮೊದಲು ನಿಲ್ಲಿಸಿ, ಬ್ರಷಿಗೆ ಎಣ್ಣೆ ತಾಗಿದ್ರೆ ಹೊಸದೂ ಉಳಿಯಲ್ಲ.

ಹ್ಯಾಚ್‌ಬ್ಯಾಕ್_ಸಾಗರ
ಬೇರೆ ಮೀಟರ್ ಸಿಕ್ತು. ರಿಪಲ್ ಲೋಡ್‌ನಲ್ಲಿ 0.82 ವೋಲ್ಟ್ ಎಸಿ. ನಿಂತ ಗಾಡಿಯಲ್ಲಿ 0.38 ಆಂಪ್, ಬಿ ಪ್ಲಸ್ ಬಿಚ್ಚಿದ ಮೇಲೆ 0.03. ಸ್ಕ್ರೂಡ್ರೈವರ್‌ನ ಎಳೀತಿಲ್ಲ.

ಮೀಟರ್_ಮಂಜ
ಕೇಸ್ ಮುಗೀತು. 0.38 ಗುಣಿಸು 48 ಗಂಟೆ, 18 ಎಎಚ್ ಚಿಲ್ಲರೆ. 35ರ ಬ್ಯಾಟರಿ, ಅದೂ ಯಾವತ್ತೂ ತುಂಬದ್ದು. ಟಿಕ್ ಟಿಕ್ ಅನ್ನದೆ ಏನು ಮಾಡುತ್ತೆ? ರೆಕ್ಟಿಫೈಯರ್ ಬದಲಿಸಿ.

ಬ್ರಷ್_ಪಕ್ಷ
ಸರಿ, ಸೋತೆ. ಆದ್ರೆ ಬಿಚ್ಚಿದ ಮೇಲೆ ಬ್ರಷ್ ಹಾಕದೆ ಮುಚ್ಚಬೇಡಿ.

ಜೆಸಿ_ರೋಡ್_ಗಿರಾಕಿ
ಯಾಕೆ ರಿಪೇರಿ ಗುರು? ಹೊಸದು ಹಾಕಿ ವಾರಂಟಿ ತಗೋ. ಇಲ್ಲಾ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಚ್ಚಿದ ಗಾಡಿಯ ಪೂರ್ತಿ ಯೂನಿಟ್ ಹುಡುಕು. ಒಂದು ಡಯೋಡ್ ಹೋಗಿದೆ ಅಂದ್ರೆ ಉಳಿದವೂ ಅಷ್ಟೇ ಬಿಸಿ ತಿಂದಿವೆ.

ಹುಬ್ಬಳ್ಳಿ_ವೈಂಡರ್
ಉಳಿದ ಡಯೋಡೂ ಅದೇ ಪ್ಲೇಟಿನ್ಯಾಗ ಇರತಾವಲ್ರಿ, ಪ್ಲೇಟ್ ಬದಲಿಸಿದ್ರ ಎಲ್ಲಾ ಹೊಸವಾ. ಹಳೇ ಯೂನಿಟ್ ತಂದ್ರ ಎಂಟು ವರ್ಷದ ರೋಗ ಕೊಟ್ಟು ಹತ್ತು ವರ್ಷದ ರೋಗ ತಂದಂಗ. ಸ್ಟೇಟರ್ ವಾರ್ನಿಷ್ ಕಪ್ಪಾಗಿ ಸುಟ್ಟ ವಾಸನಿ ಬಂದ್ರ, ಇಲ್ಲಾ ಬೇರಿಂಗ್ ಮನಿ ಸವೆದು ಹೊರ ರಿಂಗ್ ತಿರುಗಾಕತ್ತಿದ್ರ, ಆವಾಗ ಹೊಸಾದು ತಗೋರಿ, ನಾನೂ ಹೇಳತೀನಿ. ಇಲ್ಲಾಂದ್ರ ರಿಪೇರಿನ ಛಲೋ.
ಕೆಲಸದ ಕ್ರಮ ಹೇಳತೀನಿ. ಮೊದ್ಲು ಬ್ಯಾಟರಿ ನೆಗೆಟಿವ್ ಬಿಚ್ರಿ. ಬಿ ಪ್ಲಸ್‌ಗೆ ಯಾವಾಗ್ಲೂ ಕರೆಂಟ್ ಇರತೈತಿ, ಸ್ಪ್ಯಾನರ್ ಬಾಡಿಗೆ ತಾಗಿದ್ರ ವೆಲ್ಡಿಂಗ್ ಆಗತೈತಿ. ಕಪ್ಲರ್, ಬಿ ಪ್ಲಸ್, ಬೆಲ್ಟ್, ಎರಡು ಬೋಲ್ಟ್, ಯೂನಿಟ್ ಹೊರಗ. ಹಿಂದಿನ ಕವರ್ ತಗದ್ರ ಬ್ರಷ್ ಹೋಲ್ಡರ್, ರೆಗ್ಯುಲೇಟರ್, ರೆಕ್ಟಿಫೈಯರ್ ಮೂರೂ ಕಾಣತಾವ. ಎರಡು ಹೋಳು ಬ್ಯಾರೆ ಮಾಡೂದಿದ್ರ ಮೊದ್ಲು ಚಾಕ್‌ಪೀಸಿನಿಂದ ಅಡ್ಡ ಗೆರಿ ಹಾಕ್ಕೋರಿ, ಇಲ್ಲಾಂದ್ರ ಜೋಡಿಸುವಾಗ ಬೋಲ್ಟ್ ತೂತು ಬ್ಯಾರೆ ಕಡೆ ಬರತಾವ.
ಸ್ಟೇಟರ್ ತಂತಿ ಸ್ಕ್ರೂ ಇದ್ರ ಪುಣ್ಯ. ಬೆಸುಗೆ ಇದ್ರ 100 ವ್ಯಾಟಿನ ಐರನ್ ಬೇಕು. 25 ವ್ಯಾಟಿನದು ಹಿಡಿದ್ರ ಬೆಸುಗೆ ಕರಗೂದಿಲ್ಲ, ಅಷ್ಟ್ರಾಗ ಬಿಸಿ ಹೋಗಿ ಹೊಸಾ ಡಯೋಡ್ ಸಾಯತೈತಿ. ದೊಡ್ಡ ಐರನ್, ಎರಡು ಸೆಕೆಂಡ್, ತಗೀರಿ.
ಬಿಡಿಸಿದ ಮ್ಯಾಲೆ ಡಯೋಡ್ ಟೆಸ್ಟ್. ಒಂದು ದಿಕ್ಕಿಗೆ 0.45ರಿಂದ 0.6, ತಿರುಗಿಸಿದ್ರ ಓಪನ್. ಎರಡೂ ದಿಕ್ಕಿಗೆ ನಂಬರ್ ಬಂದ್ರ ಅದು ಕೆಟ್ಟೈತಿ. ರೋಟರ್ ಎರಡು ಸ್ಲಿಪ್ ರಿಂಗ್ (ಬ್ರಷ್ ತಾಗೂ ಉಂಗುರ) ನಡುವ ಎರಡರಿಂದ ಮೂರು ಓಮ್, ಪ್ರೋಬ್ ಕೂಡಿಸಿ ಬರೂ ಓಮ್ ಮೊದ್ಲು ಕಳೀರಿ. ರಿಂಗಿಗೂ ಶಾಫ್ಟಿಗೂ ಏನೂ ಬರಬಾರದು. ರಿಂಗ್ ಬರೀ ಕಪ್ಪಾಗಿದ್ರ 400 ನಂಬರ್ ಸ್ಯಾಂಡ್ ಪೇಪರ್ ಸಾಕು, ಉಗುರಿಗೆ ತೋಡು ಹತ್ತಿದ್ರ ಸಾಲೂದಿಲ್ಲ. ಬೇರಿಂಗ್ ಮ್ಯಾಲಿನ ನಂಬರ್ ಓದಿ ಅದನ್ನ ತರ್ರಿ, ಎರಡೂ ಬದಲಿಸ್ರಿ.

ಜೆಸಿ_ರೋಡ್_ಗಿರಾಕಿ
ರೆಕ್ಟಿಫೈಯರ್ ಪ್ಲೇಟೂ ಡೂಪ್ಲಿಕೇಟ್ ಸಿಗುತ್ತೆ, ಅದನ್ನೂ ಹೇಳಿ. ನೋಡೋಕೆ ಒಂದೇ ಥರ, 35 ಆಂಪ್ ಡಯೋಡ್ ಜಾಗದಲ್ಲಿ 25 ಆಂಪ್‌ದು ಒತ್ತಿರ್ತಾರೆ.

ಹುಬ್ಬಳ್ಳಿ_ವೈಂಡರ್
ಅದು ಖರೇ. ತೂಕ ನೋಡ್ರಿ, ಹಳೇ ಪ್ಲೇಟ್ ಕೈಯಾಗ ಹಿಡಕೊಂಡೇ ಅಂಗಡಿಗೆ ಹೋಗ್ರಿ. ಅಲ್ಯೂಮಿನಿಯಂ ತೆಳುವಿದ್ರ ಬ್ಯಾಡ ಅನ್ರಿ.

ಹ್ಯಾಚ್‌ಬ್ಯಾಕ್_ಸಾಗರ
ಬಿಚ್ಚಿಸಿ ನೋಡಿದ್ದಾಯ್ತು. ಪಾಸಿಟಿವ್ ಪ್ಲೇಟ್‌ನಲ್ಲಿ ಒಂದು ಡಯೋಡ್ ಎರಡೂ ದಿಕ್ಕಿಗೆ 0.09. ನೆಗೆಟಿವ್ ಕಡೆ ಒಂದರ ಬುಡದಲ್ಲಿ ಹಸಿರು ಕಿಲುಬು. ಬ್ರಷ್ 4 ಮಿ.ಮೀ. ಉಳಿದಿತ್ತು. ರೋಟರ್ 2.5 ಓಮ್. ರೆಕ್ಟಿಫೈಯರ್, ಬ್ರಷ್, ಎರಡು ಬೇರಿಂಗ್ ಬದಲಾಯ್ತು. ಈಗ ಐಡಲ್ 14.2, ಲೋಡ್‌ನಲ್ಲಿ 13.9, ರಿಪಲ್ 0.04. ನಿಂತಾಗ 0.03 ಆಂಪ್.

ಮೀಟರ್_ಮಂಜ
ಬ್ಯಾಟರಿ ಚಾರ್ಜರ್‌ಗೆ ಹಾಕಿ ತುಂಬಿಸಿದ್ರಾ? ಇಲ್ಲಾಂದ್ರೆ ಇವತ್ತೇ ಮಾಡಿ, ಮೂರೂವರೆ ಆಂಪ್‌ನಲ್ಲಿ ಹತ್ತು ಹನ್ನೆರಡು ಗಂಟೆ. ಖಾಲಿ ಬ್ಯಾಟರಿ ಇಟ್ಟು ದೂರ ಹೋದ್ರೆ ಹೊಸ ಡಯೋಡ್‌ಗಳು ಮೊದಲ ದಿನವೇ ಫುಲ್ ಲೋಡ್‌ನಲ್ಲಿ ಬೇಯುತ್ತವೆ.

ಹಳೇಗಾಡಿ
ಒಂದು ಅನುಮಾನ. ಈಗಿನ ಕೆಲವು ಗಾಡೀಲಿ ಓಡ್ತಾ ಇದ್ರೂ 12.8 ತೋರಿಸುತ್ತೆ. ಅದೂ ಡಯೋಡೇನಾ?

ಸರ್ಕ್ಯೂಟ್_ಶಾರದಾ
ನೆಗೆಟಿವ್ ಲಗ್ ಮೇಲೆ ಸಣ್ಣ ಸೆನ್ಸರ್ ಡಬ್ಬಿ ಇದ್ದರೆ ಅದು ಸ್ಮಾರ್ಟ್ ಚಾರ್ಜಿಂಗ್ ಸರ್. ಬ್ಯಾಟರಿ ತುಂಬಿದಾಗ ಇಸಿಯು ಬೇಕೆಂದೇ ವೋಲ್ಟೇಜ್ ಇಳಿಸುತ್ತದೆ, ಬ್ರೇಕ್ ಒತ್ತಿದಾಗ ಏರಿಸುತ್ತದೆ. ಹೆಡ್‌ಲೈಟ್, ಬ್ಲೋವರ್ ಎಲ್ಲಾ ಹಾಕಿ ನೋಡಿ, 14ರ ಹತ್ತಿರ ಬಂದರೆ ಬಿಚ್ಚಬೇಡಿ. ಎಂಜಿನ್ ಓಡುತ್ತಿರುವಾಗ ನೆಗೆಟಿವ್ ಅಂತೂ ಬಿಚ್ಚಲೇಬೇಡಿ.

ಹಳೇಗಾಡಿ
ಆಯ್ತಮ್ಮ, ಬಿಚ್ಚಲ್ಲ.