ಅಮೆರಿಕದ ಕಾರು ಕಂಪನಿಗಳಿಗೆ ಸರ್ಕಾರ ಕೊಟ್ಟ ದುಡ್ಡು: ಮಿಷಿಗನ್‌ನ ಅಕೌಂಟೆಂಟ್ ಮೇಡಂ ಜೊತೆ ಪ್ರಶ್ನೋತ್ತರ

ಬಳಗದ ನಿರ್ವಾಹಕರು: ಈ ವಾರ ನಮ್ಮ ಜೊತೆ ಇರುವವರು ಅರಸೀಕೆರೆ ಕಡೆಯವರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮಿಷಿಗನ್‌ನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಗಳ ಲೆಕ್ಕ ನೋಡುತ್ತಿದ್ದಾರೆ. ಜನರಲ್ ಮೋಟಾರ್ಸ್ (ಜಿಎಂ), ಕ್ರೈಸ್ಲರ್ ದಿವಾಳಿಯಾದ 2008–09ರ ದಿನಗಳನ್ನು ಅಲ್ಲೇ ಇದ್ದು ಕಂಡವರು. ಕೇಳಿ.

ಪ್ರಶ್ನೆ (ಬಿ.ಕಾಂ. ವಿದ್ಯಾರ್ಥಿ, ಹಾಸನ): ಮೇಡಂ, ಜಿಎಂ ಕೆಟ್ಟ ಕಾರು ಮಾಡಿ ಮುಳುಗ್ತು, ಸರ್ಕಾರ ಕೈಹಿಡಿದು ಎತ್ತಿತು ಅಂತ ಎಲ್ಲರೂ ಹೇಳ್ತಾರೆ. ಕಥೆ ಅಷ್ಟೇನಾ?

ಉತ್ತರ: ಅಷ್ಟೇ ಅಲ್ಲಪ್ಪ. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಅರ್ಧದಷ್ಟು ಜಿಎಂನದೇ. 2008ಕ್ಕೆ ಅದು ಐದರಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿದಿತ್ತು. ಒಳ್ಳೆಯ ಕಾಲದಲ್ಲಿ ನಿವೃತ್ತರಿಗೆ ಪಿಂಚಣಿ, ಆಸ್ಪತ್ರೆ ಖರ್ಚು ಎಲ್ಲ ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದರು. ಕೆಲಸಗಾರರು ಕಡಿಮೆಯಾದರು, ನಿವೃತ್ತರು ಅವರ ಹಲವು ಪಟ್ಟಾದರು. ಲಾಭ ಬರುತ್ತಿದ್ದದ್ದು ದೊಡ್ಡ ಪಿಕಪ್ ಮತ್ತು ಎಸ್‌ಯುವಿಗಳಿಂದ. 2008ರ ಜುಲೈನಲ್ಲಿ ಕಚ್ಚಾತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿ, ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ ದಾಟಿದಾಗ ಅವನ್ನು ಕೇಳುವವರಿಲ್ಲ.

ಇಷ್ಟಾದರೂ ಹೇಗೋ ಕುಂಟುತ್ತಾ ಹೋಗುತ್ತಿದ್ದರೇನೋ. ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ಬಿತ್ತು. ಅಮೆರಿಕದಲ್ಲಿ ಹೆಚ್ಚಿನವರು ಕಾರು ಕೊಳ್ಳುವುದು ಸಾಲದ ಮೇಲೆ, ಆ ಸಾಲವೇ ಸಿಗದಂತಾಯಿತು. 2007ರಲ್ಲಿ ಸುಮಾರು 1.6 ಕೋಟಿ ಗಾಡಿ ಮಾರಿದ ದೇಶದಲ್ಲಿ 2009ರಲ್ಲಿ ಮಾರಿದ್ದು 1.04 ಕೋಟಿ. ಕಾರ್ಖಾನೆಯ ಬಾಡಿಗೆ, ಬಡ್ಡಿ, ಪಿಂಚಣಿ ಮಾತ್ರ ಕಡಿಮೆಯಾಗದೆ ಹಾಗೇ ಇರುತ್ತವೆ. 2008ರಲ್ಲಿ ಜಿಎಂ ನಷ್ಟ 3,090 ಕೋಟಿ ಡಾಲರ್.

ಪ್ರಶ್ನೆ (ಪೀಣ್ಯದಲ್ಲಿ ಸಣ್ಣ ಕೈಗಾರಿಕೆ ನಡೆಸುವವರು): ಮುಳುಗಿದ್ರೆ ಮುಳುಗಲಿ ಬಿಡಿ ಮೇಡಂ. ಅವರಿಗೆ ಜನರ ತೆರಿಗೆ ದುಡ್ಡು ಯಾಕೆ? ನನ್ನ ಶೆಡ್ ನಾಳೆ ಮುಚ್ಚಿದ್ರೆ ಯಾವ ಮಂತ್ರಿಯೂ ಬಾಗಿಲಿಗೆ ಬರಲ್ಲ.

ಉತ್ತರ: ಸರ್, ನಿಮ್ಮ ಸಿಟ್ಟು ಅಮೆರಿಕನ್ನರಿಗೂ ಇತ್ತು. 2008ರ ನವೆಂಬರ್‌ನಲ್ಲಿ ಜಿಎಂನ ರಿಕ್ ವ್ಯಾಗನರ್, ಫೋರ್ಡ್‌ನ ಅಲನ್ ಮುಲಾಲಿ, ಕ್ರೈಸ್ಲರ್‌ನ ರಾಬರ್ಟ್ ನಾರ್ಡೆಲಿ ಮೂವರೂ ಮುಖ್ಯಸ್ಥರು 2,500 ಕೋಟಿ ಡಾಲರ್ ನೆರವು ಕೇಳಲು ವಾಷಿಂಗ್ಟನ್‌ಗೆ ಹೋದರು. ಹೋದದ್ದು ಬೇರೆ ಬೇರೆ ಖಾಸಗಿ ವಿಮಾನಗಳಲ್ಲಿ. ಜನ ಉರಿದುಬಿದ್ದರು. ಡಿಸೆಂಬರ್‌ನಲ್ಲಿ ಕಾರಿನಲ್ಲಿ ಹೋಗಿ ಮತ್ತೆ ಕೇಳಿದರು. ಕೆಳಮನೆ 1,400 ಕೋಟಿಯ ಮಸೂದೆ ಒಪ್ಪಿತು, ಸೆನೆಟ್‌ನಲ್ಲಿ ಅದು ಬಿದ್ದುಹೋಯಿತು. ಡಿಸೆಂಬರ್ 19ರಂದು ಅಧ್ಯಕ್ಷ ಬುಷ್, ಬ್ಯಾಂಕುಗಳಿಗೆಂದು ಎತ್ತಿಟ್ಟಿದ್ದ 70,000 ಕೋಟಿ ಡಾಲರ್ ನಿಧಿಯಿಂದ 1,740 ಕೋಟಿ ಸಾಲ ಘೋಷಿಸಿದರು. ಜಿಎಂಗೆ 1,340, ಕ್ರೈಸ್ಲರ್‌ಗೆ 400.

ಆದರೆ ನಾನು ಕೂತಿದ್ದದ್ದು ನಿಮ್ಮಂಥದೇ ಶೆಡ್ಡಿನಲ್ಲಿ. ನಮ್ಮ ಕಾರ್ಖಾನೆ ಸೀಟಿನ ಕೆಳಗಿನ ಬ್ರಾಕೆಟ್ ಒತ್ತಿ ಕೊಡುತ್ತಿತ್ತು. ಜಿಎಂ ಪಾವತಿಯ ಪದ್ಧತಿ ಹೇಗೆಂದರೆ, ಜನವರಿಯಲ್ಲಿ ಕಳಿಸಿದ ಮಾಲಿಗೆ ಮಾರ್ಚ್ 2ನೇ ತಾರೀಕು ದುಡ್ಡು. ಸರಾಸರಿ 47 ದಿನ. ಅಂದರೆ ಯಾವತ್ತು ನೋಡಿದರೂ ಒಂದೂವರೆ ತಿಂಗಳ ನಮ್ಮ ದುಡಿಮೆ ಅವರ ಕೈಯಲ್ಲಿ. ಆ ಬಾಕಿಯನ್ನೇ ಬ್ಯಾಂಕಿಗೆ ಅಡಮಾನ ಇಟ್ಟು ಸ್ಟೀಲ್ ತರುತ್ತಿದ್ದೆವು, ಸಂಬಳ ಕೊಡುತ್ತಿದ್ದೆವು. ಆ ಚಳಿಗಾಲ ಬ್ಯಾಂಕಿನಿಂದ ಫೋನ್ ಬಂತು. ಡೆಟ್ರಾಯ್ಟ್‌ನ ಈ ಮೂರು ಕಾರು ಕಂಪನಿಗಳಿಂದ ಬರಬೇಕಾದ ಬಾಕಿಯನ್ನು ಇನ್ನು ಅಡಮಾನವಾಗಿ ಹಿಡಿಯುವುದಿಲ್ಲ ಅಂದರು. ಸ್ಟೀಲಿನವರೂ ಮುಂಗಡ ಕೇಳತೊಡಗಿದರು.

ಡಿಸೆಂಬರ್ 19ರಿಂದ ಕ್ರೈಸ್ಲರ್ ತನ್ನ ಎಲ್ಲ 30 ಕಾರ್ಖಾನೆಗಳನ್ನೂ ತಿಂಗಳ ಮಟ್ಟಿಗೆ ಮುಚ್ಚಿತು. ನಮ್ಮ ಪ್ರೆಸ್ಸುಗಳೂ ನಿಂತವು. ಪ್ರೆಸ್ ಓಡುವಾಗ ನೆಲ ಅದುರಿ ನನ್ನ ಮೇಜಿನ ಮೇಲಿನ ಚಹಾ ಕಪ್ಪಿನಲ್ಲಿ ಸದಾ ಸಣ್ಣ ಅಲೆ ಏಳುತ್ತಿತ್ತು. ಜನವರಿಯಲ್ಲಿ ಆ ಅಲೆ ಇಲ್ಲ. ಒಳಗೆ ಹೋದರೆ ಹಳೆಯ ಡೈಮೇಕರ್ (ಲೋಹ ಒತ್ತುವ ಅಚ್ಚು, ಅಂದರೆ ಡೈ ಮಾಡುವವರು) ಒಬ್ಬರೇ ಕೂತು, ತುಕ್ಕು ಹಿಡಿಯದಿರಲಿ ಅಂತ ಡೈಗಳಿಗೆ ಬಟ್ಟೆಯಲ್ಲಿ ಎಣ್ಣೆ ಸವರುತ್ತಿದ್ದರು. ಮಾಲೀಕರು ಮನೆ ಅಡವಿಟ್ಟು ಎರಡು ತಿಂಗಳು ಸಂಬಳ ಕೊಟ್ಟರು.

ಇಂಥ ಬಿಡಿಭಾಗದವರು ಒಬ್ಬರಿಗೇ ಮಾಲು ಕೊಡುವುದಿಲ್ಲ. ಜಿಎಂಗೆ ಕೊಡುವವರೇ ಫೋರ್ಡ್‌ಗೂ, ಅಮೆರಿಕದ ಟೊಯೋಟ, ಹೋಂಡಾ ಕಾರ್ಖಾನೆಗಳಿಗೂ ಕೊಡುವವರು. ಒಂದು ಬ್ರಾಕೆಟ್ ಬರದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ಕೊನೆಗೆ ಸರ್ಕಾರದ ಈ ಸಾಲ ತೆಗೆದುಕೊಳ್ಳದ ಫೋರ್ಡ್‌ನ ಮುಲಾಲಿ ಪ್ರತಿಸ್ಪರ್ಧಿಗಳ ಪರವಾಗಿ ಮಾತಾಡಿದ್ದೂ ಇದಕ್ಕೇ. 2009ರ ಮಾರ್ಚ್‌ನಲ್ಲಿ ಖಜಾನೆ ಬಿಡಿಭಾಗದವರ ಬಾಕಿಗೆ ಖಾತ್ರಿಯಾಗಿ 500 ಕೋಟಿ ಡಾಲರ್‌ವರೆಗಿನ ಯೋಜನೆ ತಂದಿತು. ಆದರೂ ಮೇ ಕೊನೆಯಲ್ಲಿ ವಿಸ್ಟಿಯಾನ್, ಜುಲೈನಲ್ಲಿ ಲಿಯರ್‌ನಂಥ ದೊಡ್ಡವರೇ ದಿವಾಳಿ ಅರ್ಜಿ ಹಾಕಿದರು. ಬೇಲ್‌ಔಟ್ (ಮುಳುಗುವ ಕಂಪನಿಗೆ ಸರ್ಕಾರದ ನೆರವು) ಅಂದರೆ ನಿಮಗೆ ಜಿಎಂನ ಗಾಜಿನ ಕಟ್ಟಡ ಕಾಣುತ್ತದೆ, ನನಗೆ ಆ ಡೈಮೇಕರ್ ಕಾಣುತ್ತಾರೆ. ಕೊಟ್ಟದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ (ವಕೀಲರು, ಧಾರವಾಡ): ದಿವಾಳಿ ಕಾನೂನು ಇತ್ತಲ್ಲ, ಮೊದಲೇ ಕೋರ್ಟಿಗೆ ಹೋಗಬಹುದಿತ್ತಲ್ರೀ?

ಉತ್ತರ: ಕೊನೆಗೆ ಹೋದರು. ಕೋರ್ಟಿನಲ್ಲಿ ಇರುವಷ್ಟು ದಿನ ಕಾರ್ಖಾನೆ ನಡೆಸಲು ಯಾರಾದರೂ ಸಾಲ ಕೊಡಬೇಕು. ಆ ವರ್ಷ ಅಷ್ಟು ದೊಡ್ಡ ಸಾಲ ಕೊಡುವ ಬ್ಯಾಂಕು ಒಂದೂ ಇರಲಿಲ್ಲ, ಇದ್ದದ್ದು ಸರ್ಕಾರ ಒಂದೇ. ಒಬಾಮ ನೇಮಿಸಿದ ತಂಡ ಕಂಪನಿಗಳ ಮೊದಲ ಯೋಜನೆಗಳನ್ನು ಮಾರ್ಚ್‌ನಲ್ಲಿ ತಿರಸ್ಕರಿಸಿತು, ವ್ಯಾಗನರ್ ಕುರ್ಚಿ ಬಿಡಬೇಕಾಯಿತು. ಕ್ರೈಸ್ಲರ್ ಏಪ್ರಿಲ್ 30ಕ್ಕೆ ಅರ್ಜಿ ಹಾಕಿ ಜೂನ್ 10ಕ್ಕೆ ಫಿಯಟ್ ಜೊತೆ ಸೇರಿ ಹೊರಬಂತು. ಜಿಎಂ ಜೂನ್ 1ಕ್ಕೆ ಹೋಗಿ ಜುಲೈ 10ಕ್ಕೆ ಬಂತು. ಆಸ್ತಿ ಸುಮಾರು 8,200 ಕೋಟಿ ಡಾಲರ್, ಸಾಲ 17,280 ಕೋಟಿ. ಒಳ್ಳೆಯ ಆಸ್ತಿಯನ್ನೆಲ್ಲ ಹೊಸ ಕಂಪನಿಗೆ ಮಾರಿ, ಹಳೆಯ ಸಾಲವನ್ನು ಹಳೆಯ ಕಂಪನಿಯಲ್ಲೇ ಬಿಟ್ಟರು. ಹೊಸದರಲ್ಲಿ ಅಮೆರಿಕ ಸರ್ಕಾರಕ್ಕೆ ಶೇ 60.8, ನಿವೃತ್ತರ ಆರೋಗ್ಯ ನಿಧಿಗೆ ಶೇ 17.5, ಬಾಂಡ್ ಇಟ್ಟುಕೊಂಡಿದ್ದವರಿಗೆ ಶೇ 10, ಉಳಿದದ್ದು ಕೆನಡಾ ಮತ್ತು ಒಂಟಾರಿಯೋ ಸರ್ಕಾರಗಳಿಗೆ. ಹಳೆಯ ಷೇರುದಾರರಿಗೆ ಏನೂ ಇಲ್ಲ.

ಪ್ರಶ್ನೆ (ಮೈಸೂರು): ದುಡ್ಡು ವಾಪಸ್ ಬಂತಾ?

ಉತ್ತರ: ಪೂರ್ತಿ ಇಲ್ಲ. ಒಟ್ಟು ಸುಮಾರು 8,000 ಕೋಟಿ ಡಾಲರ್ ಹೋಯಿತು, 7,000 ಕೋಟಿ ಚಿಲ್ಲರೆ ಬಂತು. ಹೆಚ್ಚಿನ ನಷ್ಟ ಜಿಎಂನಲ್ಲಿ. ಅದರ ಕೊನೆಯ ಷೇರುಗಳನ್ನು ಖಜಾನೆ 2013ರ ಡಿಸೆಂಬರ್‌ನಲ್ಲಿ ಮಾರಿತು. 1980ರ ಕ್ರೈಸ್ಲರ್ ಪ್ರಕರಣ ಬೇರೆ: ಆಗ ಸರ್ಕಾರ 150 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಿತು ಅಷ್ಟೇ, ಕ್ರೈಸ್ಲರ್‌ನ ಆಗಿನ ಮುಖ್ಯಸ್ಥ ಲೀ ಐಕೋಕ 1983ರಲ್ಲೇ ತೀರಿಸಿದರು, ಖಜಾನೆಗೆ ಲಾಭವೂ ಆಯಿತು.

ಪ್ರಶ್ನೆ (ಟ್ರಾಯ್, ಮಿಷಿಗನ್): ಅಕ್ಕಾ, ನಾನೂ ಇಲ್ಲೇ ಇರೋದು. 'ಕೊಟ್ಟದ್ದು ಸರಿ' ಅಂತ ಹೇಳೋದು ಸುಲಭ. ನಮ್ಮ ಪಕ್ಕದ ಮನೆಯವರು ಡೆಲ್ಫಿಯಿಂದ ನಿವೃತ್ತರಾದವರು, ಅವರ ಎದುರು ಹೇಳಿ ನೋಡಿ.

ಉತ್ತರ: ಅವರ ಎದುರು ನನಗೆ ಹೇಳಲಾಗುವುದಿಲ್ಲ, ಒಪ್ಪುತ್ತೇನೆ. ಗೊತ್ತಿಲ್ಲದವರಿಗೆ: ಡೆಲ್ಫಿ 1999ರವರೆಗೆ ಜಿಎಂನ ಬಿಡಿಭಾಗ ವಿಭಾಗವಾಗಿತ್ತು, 2005ರಲ್ಲಿ ದಿವಾಳಿಯಾಯಿತು. 2009ರಲ್ಲಿ ಅದರ ಪಿಂಚಣಿ ನಿಧಿಯನ್ನು ಸರ್ಕಾರಿ ಪಿಂಚಣಿ ವಿಮಾ ಸಂಸ್ಥೆ ವಹಿಸಿಕೊಂಡಿತು. ಆ ಸಂಸ್ಥೆ ಕೊಡುವುದಕ್ಕೆ ಮಿತಿ ಇದೆ. ಯುಎಡಬ್ಲ್ಯು ಎಂಬ ಕಾರು ಕಾರ್ಮಿಕರ ಸಂಘದವರಿಗೆ ಕೊರತೆ ಬಿದ್ದದ್ದನ್ನು ಜಿಎಂ ತುಂಬಿಕೊಟ್ಟಿತು. ಸಂಘವಿಲ್ಲದ ಮೇಲ್ವಿಚಾರಕರು, ಎಂಜಿನಿಯರುಗಳು, ಗುಮಾಸ್ತರು ಸೇರಿ ಸುಮಾರು 20,000 ಮಂದಿಗೆ ತುಂಬಿಕೊಡಲಿಲ್ಲ. ಒಂದೇ ಕಾರ್ಖಾನೆ, ಒಂದೇ ಕ್ಯಾಂಟೀನು, ಮೂವತ್ತು ವರ್ಷ ಪಕ್ಕಪಕ್ಕದಲ್ಲಿ ದುಡಿದವರು. ಕೆಲವರ ಪಿಂಚಣಿ ಅರ್ಧಕ್ಕಿಂತ ಹೆಚ್ಚು ಕಡಿತವಾಯಿತು. ಕೋರ್ಟುಗಳಲ್ಲಿ ಹೋರಾಡಿದರು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಇದು ಅನ್ಯಾಯ. ಆ ಗಡಿಬಿಡಿಯಲ್ಲಿ, ಲೈನ್ ನಿಲ್ಲಿಸುವ ಶಕ್ತಿ ಯಾರಿಗಿತ್ತೋ ಅವರ ಮಾತು ನಡೆಯಿತು.

ಹೊಸ ಕಾರ್ಮಿಕರದ್ದೂ ಇದೇ ಗೋಳು. 2007ರ ಒಪ್ಪಂದದಲ್ಲಿ ಹೊಸಬರಿಗೆ ಗಂಟೆಗೆ ಸುಮಾರು 14 ಡಾಲರ್, ಪಕ್ಕದಲ್ಲಿ ಅದೇ ಬೋಲ್ಟ್ ಬಿಗಿಯುವ ಹಳಬರಿಗೆ 28. ದಿವಾಳಿಯ ನಂತರ ಸೇರಿದವರೆಲ್ಲ ಈ ಕೆಳ ದರ್ಜೆಗೇ ಬಿದ್ದರು. 2023ರ ಮುಷ್ಕರದ ಮುಖ್ಯ ಬೇಡಿಕೆಗಳಲ್ಲಿ ಈ ಭೇದ ತೆಗೆಯುವುದೂ ಒಂದಾಗಿತ್ತು.

ಪ್ರಶ್ನೆ (ಐಟಿ ಉದ್ಯೋಗಿ, ಬೆಂಗಳೂರು): ನಮ್ಮವರ ಮೇಲೆ ಏನಾದ್ರೂ ಪರಿಣಾಮ ಆಯ್ತಾ?

ಉತ್ತರ: ಆಯಿತು. 2009ರ ಫೆಬ್ರವರಿ 17ರ ಕಾನೂನಿನಲ್ಲಿ ಒಂದು ಷರತ್ತು ಸೇರಿತು: ಬ್ಯಾಂಕುಗಳಿಗೆಂದು ಎತ್ತಿಟ್ಟಿದ್ದ ಆ ನಿಧಿಯಿಂದ ನೆರವು ಪಡೆದ ಕಂಪನಿ ಹೊಸದಾಗಿ ಎಚ್-1ಬಿ ವೀಸಾದ ವಿದೇಶಿಯರನ್ನು ತೆಗೆದುಕೊಳ್ಳಬೇಕಾದರೆ, ಮೊದಲು ಅಮೆರಿಕನ್ನರನ್ನು ಹುಡುಕಿದ್ದೇವೆ, ಯಾರನ್ನೂ ತೆಗೆದು ಇವರನ್ನು ಹಾಕುತ್ತಿಲ್ಲ ಅಂತ ಬರೆದುಕೊಡಬೇಕು. ಎರಡು ವರ್ಷ ಜಾರಿಯಲ್ಲಿತ್ತು. ಆಗಷ್ಟೇ ಎಂ.ಎಸ್. ಮುಗಿಸಿ ಕೆಲಸ ಹುಡುಕುತ್ತಿದ್ದ ಇಬ್ಬರು ಹುಡುಗರು ನಮ್ಮ ಮನೆಯ ನೆಲಮಾಳಿಗೆಯಲ್ಲಿ ಆರು ತಿಂಗಳು ಇದ್ದರು. ಬೆಳಿಗ್ಗೆ ಎದ್ದು ಅಂಗಳದ ಹಿಮ ಎತ್ತಿ ಹಾಕಿ, ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದರು. ವೈಟ್‌ಫೀಲ್ಡ್‌ನಲ್ಲಿ 2003ರಿಂದ ಇದ್ದ ಜಿಎಂ ತಾಂತ್ರಿಕ ಕೇಂದ್ರ ಮಾತ್ರ ದಿವಾಳಿಯ ನಂತರವೂ ಉಳಿಯಿತು.

ಪ್ರಶ್ನೆ (ಶಿವಮೊಗ್ಗ, ಗ್ಯಾರೇಜ್): ಹಳೇ ಕಾರು ಕೊಟ್ರೆ ಸರ್ಕಾರವೇ ದುಡ್ಡು ಕೊಡ್ತಿತ್ತಂತೆ, ಆಮೇಲೆ ಎಂಜಿನ್ ಸಾಯಿಸ್ತಿದ್ರಂತೆ. ನಿಜವಾ ಮೇಡಂ?

ಉತ್ತರ: ನಿಜ. 2009ರ ಜುಲೈ–ಆಗಸ್ಟ್‌ನಲ್ಲಿ ನಡೆದದ್ದು. ಹೆಚ್ಚು ಪೆಟ್ರೋಲ್ ಕುಡಿಯುವ ಹಳೆಯ ಗಾಡಿ ಕೊಟ್ಟು ಹೊಸದು ಕೊಂಡರೆ 3,500 ಅಥವಾ 4,500 ಡಾಲರ್ ರಿಯಾಯಿತಿ. 300 ಕೋಟಿ ಡಾಲರ್‌ನಲ್ಲಿ ಏಳು ಲಕ್ಷದ ಹತ್ತಿರ ಗಾಡಿ ಬದಲಾದವು. ಡೀಲರ್ ಒಬ್ಬರ ಹಿತ್ತಲಲ್ಲಿ ನಾನೇ ನೋಡಿದೆ. ಎಣ್ಣೆ ಬಸಿದು, ಅದರ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಹೊಯ್ದು ಎಂಜಿನ್ ಓಡಿಸುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಒಳಗೆ ಗಾಜಿನಂತೆ ಗಟ್ಟಿಯಾಗಿ ಎಂಜಿನ್ ಕಿರುಚಿ ಹಿಡಿದುಕೊಳ್ಳುತ್ತದೆ. ಓಡುವ ಗಾಡಿಯನ್ನು ಹಾಗೆ ಕೊಲ್ಲುವುದನ್ನು ನೋಡಿ ಅಲ್ಲಿದ್ದ ಮೆಕ್ಯಾನಿಕ್ ಮುಖ ತಿರುಗಿಸಿಕೊಂಡ. ನನಗೂ ಆ ಯೋಜನೆ ಇಷ್ಟವಾಗಲಿಲ್ಲ. ಮುಂದಿನ ತಿಂಗಳುಗಳಲ್ಲಿ ಕೊಳ್ಳಬೇಕಿದ್ದವರೇ ಬಹಳ ಮಂದಿ ಮೊದಲೇ ಕೊಂಡರು, ಸೆಪ್ಟೆಂಬರ್‌ನಲ್ಲಿ ಮಾರಾಟ ಮತ್ತೆ ಕುಸಿಯಿತು.

ಪ್ರಶ್ನೆ (ತುಮಕೂರು): ಫೋರ್ಡ್ ಹೇಗೆ ಪಾರಾಯ್ತು?

ಉತ್ತರ: 2006ರಲ್ಲೇ, ಸಾಲ ಸುಲಭವಾಗಿ ಸಿಗುತ್ತಿದ್ದಾಗ, ಕಾರ್ಖಾನೆಗಳ ಜೊತೆ ತನ್ನ ನೀಲಿ ಲಾಂಛನವನ್ನೂ ಅಡವಿಟ್ಟು 2,360 ಕೋಟಿ ಡಾಲರ್ ಎತ್ತಿಟ್ಟುಕೊಂಡಿತ್ತು. 2012ರಲ್ಲಿ ಲಾಂಛನ ಬಿಡಿಸಿಕೊಂಡರು.

ಪ್ರಶ್ನೆ (ಹಾಸನದ ವಿದ್ಯಾರ್ಥಿ, ಮತ್ತೆ): ಮೇಡಂ, ಇದನ್ನೇ ಪ್ರಾಜೆಕ್ಟ್ ಮಾಡ್ತೀನಿ. ಎಲ್ಲಿಂದ ಶುರು ಮಾಡಲಿ?

ಉತ್ತರ: ಜಿಎಂನ 2008ರ ವಾರ್ಷಿಕ ವರದಿ ತೆಗೆದುಕೋ. 2009ರ ಮಾರ್ಚ್‌ನಲ್ಲಿ ಬಂದದ್ದು. ಕಂಪನಿ ಮುಂದುವರಿಯುವುದೇ ಅನುಮಾನ ಅಂತ ಲೆಕ್ಕಪರಿಶೋಧಕರು ಬರೆದ ಪುಟ ಅದರಲ್ಲಿದೆ, ಅದನ್ನು ಮೊದಲು ಓದು. ಆಮೇಲೆ ಲಾಭ–ನಷ್ಟದ ಪಟ್ಟಿ ಬಿಟ್ಟು ನೇರವಾಗಿ ನಗದು ಹರಿವಿನ ಪಟ್ಟಿಗೆ ಹೋಗು. ಮೂರು ವರ್ಷದ್ದು ಪಕ್ಕಪಕ್ಕ ಇಟ್ಟುಕೊಂಡು ಕೈಯಲ್ಲಿ ಬರೆದುಕೋ, ನಕಲು ಅಂಟಿಸಬೇಡ. ಎಲ್ಲಿ ಅರ್ಥವಾಗಲಿಲ್ಲವೋ ಆ ಸಾಲಿನ ಫೋಟೋ ಇಲ್ಲಿ ಹಾಕು, ಶನಿವಾರ ನಿಮ್ಮ ಕಡೆ ಬೆಳಗಾಗುವ ಹೊತ್ತಿಗೆ ನಾನು ನೋಡುತ್ತೇನೆ.