ವಿಚ್ಛೇದನ: ಬೈಬಲ್ ಹೇಳುವುದು ಮತ್ತು ನಮ್ಮೂರು ಹೇಳುವುದು

ಹೊಡೆಯುವ ಗಂಡನನ್ನು ಬಿಟ್ಟು ಬೇರೆ ಇರುವುದು ಪಾಪವೇ ಎಂದು ಸಹೋದರಿಯೊಬ್ಬರು ಕೇಳಿದ ಪ್ರಶ್ನೆಗೆ ಈ ಗುಂಪಿನಲ್ಲಿ ಬಂದ ಉತ್ತರಗಳನ್ನೆಲ್ಲ ಓದಿದೆ. ಹೆಚ್ಚಿನವರು "ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು" ಎಂಬ ಒಂದು ವಾಕ್ಯ ಬರೆದು ಮುಗಿಸಿದ್ದಾರೆ. ಅದು ಯೇಸುಸ್ವಾಮಿಯ ಮಾತೇ. ಮತ್ತಾಯ 19ರಲ್ಲೂ ಮಾರ್ಕ 10ರಲ್ಲೂ ಇದೆ. ಅದನ್ನು ಸಡಿಲಗೊಳಿಸುವ ಉದ್ದೇಶ ನನಗಿಲ್ಲ. ಆದರೆ ಗಂಡನಿಂದ ಪೆಟ್ಟು ತಿಂದು, ಇಬ್ಬರು ಮಕ್ಕಳನ್ನು ಕರೆದುಕೊಂಡು ಬೇರೆ ಮನೆ ಹಿಡಿದಿರುವ ಹೆಣ್ಣುಮಗಳು "ನಾನು ಪಾಪ ಮಾಡುತ್ತಿದ್ದೇನೆಯೇ" ಎಂದು ಕೇಳಿದಾಗ, ಆ ಒಂದು ವಾಕ್ಯವನ್ನಷ್ಟೇ ಮುಂದಿಟ್ಟು ಸುಮ್ಮನಾಗುವುದು ಅವರಿಗೂ ಅನ್ಯಾಯ, ಬೈಬಲ್ಲಿಗೂ ಅನ್ಯಾಯ. ನಾನು ಹೊನ್ನಾವರದವಳು, ಈಗ ಮೆಲ್ಬರ್ನ್‌ನ ನಮ್ಮ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತೇನೆ. ತಿಳಿದಿರುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು, ಆ ಮಾತು ಯಾವ ಪ್ರಶ್ನೆಗೆ ಉತ್ತರವಾಗಿ ಬಂತು ಎಂಬುದನ್ನು ನೋಡಬೇಕು. ಯಾವ ಕಾರಣದಿಂದಲಾದರೂ ಗಂಡ ಹೆಂಡತಿಯನ್ನು ಬಿಟ್ಟುಬಿಡಬಹುದೇ ಎಂದು ಯೆಹೂದಿ ಧರ್ಮನಿಷ್ಠರ ಪಂಗಡವಾದ ಫರಿಸಾಯರು ಕೇಳಿದ್ದರು. ಆಗಿನ ಯೆಹೂದಿ ಪಂಡಿತರಲ್ಲಿ ಈ ಬಗ್ಗೆ ಎರಡು ಪಂಥಗಳಿದ್ದವು. ಹೆಂಡತಿಯ ನಡತೆಯಲ್ಲಿ ಲಜ್ಜೆಗೇಡಿತನ ಕಂಡರೆ ಮಾತ್ರ ಬಿಡಬಹುದು ಎಂದು ಶಮ್ಮಾಯಿಯ ಪಂಥದವರು ಹೇಳಿದರೆ, ಅಡುಗೆ ಕೆಡಿಸಿದರೂ ಬಿಡಬಹುದು ಎಂಬಷ್ಟು ದೂರ ಹಿಲ್ಲೇಲನ ಪಂಥದವರು ಹೋಗಿದ್ದರು. ತ್ಯಾಗಪತ್ರ ಬರೆಯುವ ಅಧಿಕಾರ ಗಂಡನದು. ಅದನ್ನು ಕೈಯಲ್ಲಿ ಹಿಡಿದು ಹೊರಬಿದ್ದವಳಿಗೆ ಹೊಟ್ಟೆಗೆ ಗತಿಯಿಲ್ಲದಂತಾಗಬಹುದಿತ್ತು. ಮೋಶೆಯ ಧರ್ಮಶಾಸ್ತ್ರದ ಭಾಗವಾದ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಕೂಡ ಹೆಂಡತಿಯನ್ನು ಬಿಡು ಎಂದು ಆಜ್ಞಾಪಿಸುವುದಿಲ್ಲ. ಬಿಡುವ ರೂಢಿ ಇದ್ದದ್ದರಿಂದ ಅದಕ್ಕೊಂದು ಕಟ್ಟುಪಾಡು ಹಾಕುತ್ತದೆ. ನಿಮ್ಮ ಹೃದಯದ ಕಾಠಿಣ್ಯ ನೋಡಿಯೇ ಮೋಶೆ ಇದಕ್ಕೆ ಅವಕಾಶ ಕೊಟ್ಟನು ಎಂದು ಯೇಸು ಹೇಳಿದ್ದು ಈ ಹಿನ್ನೆಲೆಯಲ್ಲಿ. ಕೈಹಿಡಿದವಳನ್ನು ಬೇಡವೆನಿಸಿದಾಗ ಹೊರಗಟ್ಟುವ ಗಂಡಸಿಗೆ ಹಾಕಿದ ತಡೆ ಅದು. ಅದೇ ಮಾತನ್ನು ಹೊಡೆಸಿಕೊಳ್ಳುವ ಹೆಂಗಸನ್ನು ಮನೆಯೊಳಗೆ ಕೂಡಿಹಾಕಲು ಬಳಸುವುದು ನನ್ನ ಮನಸ್ಸಿಗೆ ಬಹಳ ನೋವಿನ ಸಂಗತಿ.

ಇನ್ನು, ಯೇಸುವಿನ ಜೀವನ ಹೇಳುವ ಸುವಾರ್ತೆಗಳೂ ಒಂದೇ ರೀತಿಯಲ್ಲಿ ಮಾತನಾಡುವುದಿಲ್ಲ. ಮಾರ್ಕನೂ ಲೂಕನೂ ಯಾವ ವಿನಾಯಿತಿಯನ್ನೂ ಬರೆದಿಲ್ಲ. ಮತ್ತಾಯನಲ್ಲಿ ಮಾತ್ರ ಹಾದರದ ಕಾರಣ ಹೊರತಾಗಿ ಎಂಬ ಮಾತಿದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 7ನೆಯ ಅಧ್ಯಾಯದಲ್ಲಿ, ಹೆಂಡತಿ ಗಂಡನನ್ನು ಅಗಲಬಾರದು ಎಂದು ಹೇಳಿ, ಅಗಲಿದರೆ ಮದುವೆಯಿಲ್ಲದೆ ಇರಲಿ ಇಲ್ಲವೇ ಗಂಡನೊಂದಿಗೆ ಸಮಾಧಾನವಾಗಲಿ ಎಂದು ಕೂಡಲೇ ಸೇರಿಸುತ್ತಾನೆ. ಅಂದರೆ ಬೇರೆಯಾಗಿ ಬಾಳುವ ಸ್ಥಿತಿ ಒದಗಬಹುದೆಂದು ಅವನಿಗೆ ಗೊತ್ತಿತ್ತು. ಕ್ರಿಸ್ತನಂಬಿಕೆಯಿಲ್ಲದ ಸಂಗಾತಿ ತಾನಾಗಿ ಬಿಟ್ಟುಹೋದರೆ ಉಳಿದವರು ಕಟ್ಟಿಗೆ ಒಳಗಾದವರಲ್ಲ ಎಂದೂ ಅಲ್ಲಿಯೇ ಇದೆ. ಹಾದರ ಮತ್ತು ತೊರೆದುಹೋಗುವಿಕೆ, ಈ ಎರಡು ಕಾರಣಗಳ ಮೇಲೆ ಅನೇಕ ಪ್ರೊಟೆಸ್ಟಂಟ್ ಸಭೆಗಳು ವಿಚ್ಛೇದನಕ್ಕೂ ಮರುಮದುವೆಗೂ ಅವಕಾಶ ಕೊಟ್ಟಿರುವುದು ಈ ವಚನಗಳ ಆಧಾರದಿಂದಲೇ.

ನಮ್ಮಲ್ಲಿ ಹೆಚ್ಚಿನವರು ಕಾರವಾರ ಧರ್ಮಪ್ರಾಂತ್ಯದ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ಕಥೋಲಿಕ ಧರ್ಮಕೇಂದ್ರಗಳಿಂದ ಬಂದವರಾದ್ದರಿಂದ ಕಥೋಲಿಕ ನಿಯಮವನ್ನು ಬಿಡಿಸಿ ಹೇಳಬೇಕು. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದ ಇಬ್ಬರ ನಡುವೆ ಸಿಂಧುವಾಗಿ ನಡೆದು ದೈಹಿಕ ದಾಂಪತ್ಯದಿಂದ ಪೂರ್ಣಗೊಂಡ ಮದುವೆಯನ್ನು ಮರಣದ ಹೊರತು ಯಾವ ಮಾನವ ಅಧಿಕಾರವೂ ಮುರಿಯಲಾರದು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1141ನೆಯ ನಿಯಮ ಹೇಳುತ್ತದೆ. ಇದು ಕಟ್ಟುನಿಟ್ಟೇ. ಅದೇ ಸಂಹಿತೆಯ 1153ನೆಯ ನಿಯಮವನ್ನು ಮಾತ್ರ ನಮ್ಮೂರಿನಲ್ಲಿ ಯಾರೂ ಎತ್ತಿ ಹೇಳುವುದಿಲ್ಲ. ಒಬ್ಬ ಸಂಗಾತಿಯಿಂದ ಇನ್ನೊಬ್ಬರಿಗೋ ಮಕ್ಕಳಿಗೋ ಆತ್ಮ ಅಥವಾ ದೇಹಕ್ಕೆ ಗಂಭೀರ ಅಪಾಯವಿದ್ದರೆ ಬೇರೆಯಾಗಲು ಅದು ನ್ಯಾಯಸಮ್ಮತ ಕಾರಣ. ಕ್ರಮವಾಗಿ ಬಿಷಪರ ಆದೇಶ ಬೇಕಾದರೂ, ತಡಮಾಡಿದರೆ ಅಪಾಯ ಎಂಬಾಗ ಸ್ವಂತ ನಿರ್ಧಾರದಿಂದಲೇ ಹೊರಡಬಹುದು. ಕಾನೂನಿನ ರಕ್ಷಣೆ, ಮಕ್ಕಳ ಪಾಲನೆ, ಆಸ್ತಿಯ ಹಕ್ಕು ಇವುಗಳಿಗೆ ನ್ಯಾಯಾಲಯದ ವಿಚ್ಛೇದನವೊಂದೇ ದಾರಿಯಾದರೆ ಅದನ್ನು ಪಡೆಯುವುದು ಪಾಪವಲ್ಲ ಎಂದು ಕಥೋಲಿಕ ಧರ್ಮಸಭೆಯ ಬೋಧನೆಗಳ ಸಂಗ್ರಹವಾದ ಧರ್ಮೋಪದೇಶ ಗ್ರಂಥದ (ಕ್ಯಾಟೆಕಿಸಂ) 2383ನೆಯ ಪರಿಚ್ಛೇದದಲ್ಲಿ ಇದೆ. ಸಹೋದರಿಯ ಪ್ರಶ್ನೆಗೆ ನೇರ ಉತ್ತರ ಇದು.

ನಮ್ಮವರು ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ. ಬೇರೆ ಇರುವುದು ಒಂದು, ಸರ್ಕಾರಿ ವಿಚ್ಛೇದನ ಒಂದು, ಮದುವೆ ಮೊದಲಿನಿಂದಲೇ ಸಿಂಧುವಾಗಿರಲಿಲ್ಲ ಎಂಬ ಧರ್ಮಸಭೆಯ ತೀರ್ಪು ಇನ್ನೊಂದು, ಮರುಮದುವೆ ಮತ್ತೊಂದು. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಗೆ) ಅಡ್ಡಿ ಬರುವ ಪ್ರಶ್ನೆ ಏಳುವುದು ಕೊನೆಯದರಲ್ಲಿ, ಆ ತೀರ್ಪಿಲ್ಲದೆ ಹೊಸ ಸಂಬಂಧ ಹೂಡಿದಾಗ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮೊದಲ ಪರಮಪ್ರಸಾದ ಸ್ವೀಕರಿಸಿದ ಮೇಲೂ ಸಾಲಿನಲ್ಲಿ ಬರದೆ ತಾಯಿಯ ಪಕ್ಕದಲ್ಲಿ ಬೆಂಚಿನ ತುದಿಗೆ ಕುಳಿತೇ ಇರುತ್ತಿದ್ದ, ಮುಂದೆ ಹೋಗುವವರಿಗೆ ಕಾಲು ಮಡಚಿ ದಾರಿ ಬಿಡುತ್ತಿದ್ದ. ಕೇಳಿದರೆ "ಅಮ್ಮ ಹೋಗುವ ಹಾಗಿಲ್ಲ, ಅವರೊಬ್ಬರನ್ನೇ ಬಿಟ್ಟು ನಾನು ಹೇಗೆ ಹೋಗಲಿ" ಎಂದ. ಆ ತಾಯಿ ವಿಚ್ಛೇದನ ಪಡೆದಿದ್ದರು, ಮರುಮದುವೆಯಾಗಿರಲಿಲ್ಲ. ಅವರನ್ನು ಯಾವ ನಿಯಮವೂ ತಡೆದಿರಲಿಲ್ಲ. ಊರಿನಿಂದ ಫೋನಿನಲ್ಲಿ ಬಂದ ಮಾತುಗಳು ತಡೆದಿದ್ದವು. ಊರ ಕಡೆಯ ಚಂದಾವರದ ಫೆಸ್ತಿಗೆ (ಇಗರ್ಜಿಯ ಹಬ್ಬಕ್ಕೆ) ಬಂದರೆ ಜನ ಏನು ಕೇಳಿಯಾರು ಎಂಬ ಹಿರಿಯರ ಅಂಜಿಕೆ ಒಂದು ಮಗುವಿನ ಭಕ್ತಿಯವರೆಗೆ ಬಂದು ಮುಟ್ಟುವುದು ಹೀಗೆ. ಇನ್ನೊಂದು ಭಯವನ್ನೂ ಮನಸ್ಸಿನಿಂದ ತೆಗೆಯಿರಿ: ಮದುವೆ ಅಸಿಂಧುವೆಂದು ತೀರ್ಪಾದರೂ, ಒಳ್ಳೆಯ ನಂಬಿಕೆಯಿಂದ ಆದ ಮದುವೆಯ ಮಕ್ಕಳು 1137ನೆಯ ನಿಯಮದಂತೆ ಸಕ್ರಮ ಸಂತಾನವೇ.

ಹಿಂದಿನವರು ಸಹಿಸಿಕೊಂಡು ಬಾಳಲಿಲ್ಲವೇ ಎಂದು ಹಿರಿಯರೊಬ್ಬರು ಬರೆದಿದ್ದಾರೆ. ಅವರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ನಮ್ಮ ಅಜ್ಜಿಯಂದಿರಿಗೆ ಬೇರೆ ದಾರಿಯೇ ಇರಲಿಲ್ಲ. ಭಾರತದ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದು ಸಾಕಾಗಿತ್ತು. ಹೆಂಡತಿಗಾದರೋ ಸಾಮಾನ್ಯವಾಗಿ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಕ್ರೌರ್ಯವೊಂದೇ ಸಾಕು ಎಂದಾದದ್ದೂ, ಪರಸ್ಪರ ಒಪ್ಪಿಗೆಯ ವಿಚ್ಛೇದನ ಬಂದದ್ದೂ 2001ರ ತಿದ್ದುಪಡಿಯಿಂದ. ದಾರಿ ಮುಚ್ಚಿದ್ದ ಕಾಲದ ಮೌನವನ್ನು ಭಕ್ತಿಯ ಮಾದರಿಯೆಂದು ಹೆಣ್ಣುಮಕ್ಕಳಿಗೆ ತೋರಿಸುವುದು ಸರಿಯಲ್ಲ.

ವ್ಯವಹಾರದ ಮಾತುಗಳು ಕೆಲವು. ಆಸ್ಟ್ರೇಲಿಯದಲ್ಲಿ 1975ರ ಕುಟುಂಬ ಕಾನೂನಿನಂತೆ 12 ತಿಂಗಳು ಬೇರೆ ಇದ್ದದ್ದನ್ನು ತೋರಿಸಿದರೆ ಸಾಕು, ಯಾರ ತಪ್ಪೆಂದು ನ್ಯಾಯಾಲಯ ಕೇಳುವುದಿಲ್ಲ. ಆದರೆ ಊರಿನಲ್ಲಿ ಆದ ಮದುವೆಗೆ ಇಲ್ಲಿ ಪಡೆದ ಆದೇಶವನ್ನು ಭಾರತದ ನ್ಯಾಯಾಲಯ ತಾನಾಗಿಯೇ ಒಪ್ಪುತ್ತದೆಂದು ಭಾವಿಸಬೇಡಿ. ಎರಡೂ ಕಡೆಯ ಕಾನೂನು ತಿಳಿದ ವಕೀಲರನ್ನು ಮೊದಲೇ ಕೇಳಿ. ಗಂಡನ ಮೂಲಕ ಬಂದ ವೀಸಾ ಆಗಿದ್ದರೂ, ಕೌಟುಂಬಿಕ ಹಿಂಸೆಗೆ ಒಳಗಾದವರಿಗೆ ಸಂಗಾತಿ ವೀಸಾದಲ್ಲಿ ಪ್ರತ್ಯೇಕ ಅವಕಾಶವಿದೆ. ಧರ್ಮಸಭೆಯ ತೀರ್ಪೊಂದೇ ಇದ್ದರೆ ಭಾರತದ ಕಾನೂನಿನಲ್ಲಿ ಮದುವೆ ರದ್ದಾಗುವುದಿಲ್ಲ. ಅದಕ್ಕೆ ಮಾನ್ಯತೆ ಕೋರಿ ಮಂಗಳೂರು ಕಡೆಯ ಕ್ಲಾರೆನ್ಸ್ ಪಾಯ್ಸ್ ಅವರು ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ವಜಾ ಮಾಡಿತು. ಹಾಗೆಯೇ ಸರ್ಕಾರಿ ವಿಚ್ಛೇದನವಷ್ಟೇ ಇದ್ದರೆ ಇಗರ್ಜಿಯಲ್ಲಿ ಮತ್ತೆ ಮದುವೆಯಾಗಲು ಬರುವುದಿಲ್ಲ.

ಧರ್ಮಸಭೆಯ ವಿಚಾರಣೆಗೆಂದು ಕಾರವಾರಕ್ಕೆ ಹೋಗಲೇಬೇಕೆಂದಿಲ್ಲ. ಪೋಪ್ ಫ್ರಾನ್ಸಿಸ್ 2015ರಲ್ಲಿ ಮಾಡಿದ ಸುಧಾರಣೆಯ ನಂತರ ಅರ್ಜಿದಾರರು ತಾವು ವಾಸಿಸುವ ಧರ್ಮಪ್ರಾಂತ್ಯದಲ್ಲಿಯೇ ಅರ್ಜಿ ಕೊಡಬಹುದು. ಎರಡನೆಯ ನ್ಯಾಯಪೀಠದ ದೃಢೀಕರಣವೂ ಈಗ ಕಡ್ಡಾಯವಲ್ಲ. ಸಹೋದರಿ, ನೀವು ಮದುವೆಯಾದ ಧರ್ಮಕೇಂದ್ರದ ಗುರುಗಳಿಗೆ ಪತ್ರ ಬರೆದು ವಿವಾಹ ಪ್ರಮಾಣಪತ್ರವನ್ನೂ, ದೀಕ್ಷಾಸ್ನಾನ ಪಡೆದ ಧರ್ಮಕೇಂದ್ರದಿಂದ ದೀಕ್ಷಾಸ್ನಾನ ಪತ್ರದ ಹೊಸ ಪ್ರತಿಯನ್ನೂ ತರಿಸಿಟ್ಟುಕೊಳ್ಳಿ. ಅರ್ಜಿ ಈಗಲೇ ಹಾಕಬೇಕೆಂಬ ಅವಸರವಿಲ್ಲ. ಈ ಭಾನುವಾರ ಮಕ್ಕಳ ಜೊತೆ ಪರಮಪ್ರಸಾದಕ್ಕೆ ಹೋಗಲು ಮಾತ್ರ ನೀವು ಯಾವ ತೀರ್ಪಿಗೂ ಕಾಯಬೇಕಾಗಿಲ್ಲ.